ತಂತಿ ಸುತ್ತದ ಮನೆ

ನಮ್ಮ ಊರಿನಲ್ಲಿ ಸತ್ತವರು ಒಂದೇ ಏಟಿಗೆ ಹೋಗುವುದಿಲ್ಲ. ದೇಹ ಹೋಗುತ್ತದೆ, ಸದ್ದು ಉಳಿಯುತ್ತದೆ. ಮನೆಯ ಸ್ಟೀರಿಯೊ ಹಾಕಿ, ಕ್ಯಾಸೆಟ್ಟು ತೆಗೆದು ಸುಮ್ಮನೆ ಕೂತರೆ ಎರಡು ಸ್ಪೀಕರುಗಳ ನಡುವೆ ಅವರು ಓಡಾಡುವುದು ಕೇಳಿಸುತ್ತದೆ. ಮಾತಾಡುವುದಿಲ್ಲ, ಆಡುವ ಮಾತೆಲ್ಲ ಬದುಕಿದ್ದಾಗಲೇ ಆಡಿ ಮುಗಿಸಿರಬೇಕು. ಕೆಮ್ಮುತ್ತಾರೆ, ಚಪ್ಪಲಿ ಎಳೆಯುತ್ತಾರೆ, ಗಂಟಲು ಸರಿಮಾಡಿಕೊಳ್ಳುತ್ತಾರೆ. ಹಾಗಾಗಿ ಹೊತ್ತಿನ ಊಟಕ್ಕೆ ತತ್ವಾರವಿರುವ ಮನೆಯಲ್ಲೂ ನಮ್ಮಲ್ಲಿ ಸ್ಟೀರಿಯೊ ಇರುತ್ತದೆ. ದಿನ ಕಳೆದಂತೆ ಸದ್ದು ಸವೆದು ಸವೆದು ಒಂದು ದಿನ ನಿಂತುಹೋಗುತ್ತದೆ. ಆಗ ಊರಿನ ಮೂವರು ಕೇಳುಗರು ಬಂದು ಕೂತು, ಕಿವಿಗೊಟ್ಟು, ಇನ್ನೇನೂ ಇಲ್ಲ ಎಂದು ಖಾತ್ರಿಯಾದ ಮೇಲೆ ಸ್ಪೀಕರಿನ ತಂತಿಯನ್ನು ಬಿಚ್ಚಿ, ಸುರುಳಿ ಸುತ್ತಿ, ಮುಂಬಾಗಿಲ ಚಿಲಕಕ್ಕೆ ನೇತುಹಾಕುತ್ತಾರೆ. ಇಂಥವರ ಮನೆ ತಂತಿ ಸುತ್ತಿ ಆಯ್ತು ಎಂದರೆ ಆ ಮನೆಯ ಸಾವು ಮುಗಿಯಿತು ಎಂದರ್ಥ.

ತಂತಿ ಸುತ್ತುವವರೆಗೆ ಹೆಂಡತಿಯಾದವಳು ಹೆಂಡತಿಯೇ. ಕುಂಕುಮ ಇಡಬಹುದು, ಬಳೆ ತೊಡಬಹುದು, ಹಬ್ಬಕ್ಕೆ ಅರಿಸಿನ ಕುಂಕುಮಕ್ಕೂ ಕರೆಯುತ್ತಾರೆ. ಹೊರಗಿನವರು ಇದನ್ನು ಕೇಳಿ, ಎಂಥ ಉದಾರ ಊರಪ್ಪ ಎಂದು ತಲೆದೂಗುತ್ತಾರೆ. ಅವರಿಗೇನು, ತಲೆದೂಗಿ ಬಸ್ಸು ಹತ್ತುತ್ತಾರೆ. ಗಂಡ ಮನೆಯಲ್ಲಿ ಕೆಮ್ಮುತ್ತಿರುವಾಗ ಹೆಂಡತಿ ಊರು ಬಿಡುವಂತಿಲ್ಲ. ದೀಪ ಹಚ್ಚುವ ಹೊತ್ತಿಗೆ ಸ್ಟೀರಿಯೊದ ಮುಂದೆ ತಟ್ಟೆ ಇಡದಿರುವಂತಿಲ್ಲ. ಒಂಟಿ ಹೆಂಗಸನ್ನು ಕಂಡರೆ ಬಸ್ಸಿನ ಕಂಡಕ್ಟರ್ ಕೂಡ ಟಿಕೆಟ್ಟು ಹರಿಯುವ ಮೊದಲು, "ತಂತಿ ಸುತ್ತಿದ್ದಾರೇನಮ್ಮ?" ಎಂದು ಕೇಳುತ್ತಾನೆ. ಗಂಡಸರಿಗೂ ಇದೇ ನಿಯಮ, ಹೇಳಿಕೊಳ್ಳುವುದಕ್ಕೆ. ಆದರೆ ಹೆಂಡತಿ ಸತ್ತ ಮನೆಯಲ್ಲಿ ಸದ್ದು ತಿಂಗಳೊಪ್ಪತ್ತಿನಲ್ಲೇ ನಿಂತುಬಿಡುತ್ತದೆ. ಅವಳು ಬದುಕಿದ್ದಾಗಲೂ ಹೆಚ್ಚು ಸದ್ದು ಮಾಡಿದವಳಲ್ಲವಲ್ಲ, ಅದಕ್ಕೇ ಇರಬೇಕು.

ನನ್ನ ಗಂಡ ವಾಮದೇವ ಕಾಮಾಲೆಯಿಂದ ಸತ್ತ. ಬದುಕಿದ್ದಾಗ 'ಅವರು' ಎನ್ನುತ್ತಿದ್ದೆ. ಈಗ ಅಷ್ಟೊಂದು ಮರ್ಯಾದೆ ಹೊತ್ತು ತಿರುಗುವ ತ್ರಾಣ ಇಲ್ಲ. ಕೆಟ್ಟವನೇನಲ್ಲ. ಹೊಡೆದವನಲ್ಲ, ಕುಡಿದವನಲ್ಲ. ಆದರೆ ಲೊಚಗುಟ್ಟುತ್ತಿದ್ದ. ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ಲೊಚ, ಹೆಚ್ಚಾದರೆ ಒಂದು ಲೊಚ, ಸರಿಯಾಗಿದ್ದರೆ ದಿನಾ ಹೀಗೆ ಮಾಡೋಕೇನು ಎನ್ನುವಂತೆ ಇನ್ನೊಂದು ಲೊಚ. ಬೆಣ್ಣೆಯಲ್ಲೂ ಕಲ್ಲು ಹುಡುಕುವ ಜಾತಿ. ಸತ್ತ ಮೇಲೂ ಸ್ಪೀಕರಿನಲ್ಲಿ ಬಂದದ್ದು ಅದೇ. ಬಲಗಡೆಯ ಡಬ್ಬದಿಂದ ಎಡಗಡೆಯ ಡಬ್ಬಕ್ಕೆ ಕಾಲೆಳೆದುಕೊಂಡು ನಡೆದು, ನಾನು ತಟ್ಟೆ ಇಟ್ಟ ಕೂಡಲೇ ಲೊಚ. ಮೊದಮೊದಲು ಅದನ್ನು ಕೇಳಿ ನಾನು ಬಿಕ್ಕಿ ಬಿಕ್ಕಿ ಅತ್ತಿದ್ದೇನೆ. ಎಷ್ಟಾದರೂ ಒಂದೇ ಚಾಪೆಯ ಮೇಲೆ ಮಲಗಿದವರು.

ಒಂದು ಮಧ್ಯಾಹ್ನ ಸ್ಪೀಕರಿನ ಬಟ್ಟೆಯ ಧೂಳು ಒರೆಸುತ್ತಿದ್ದೆ. ಆಂಪ್ಲಿಫೈಯರಿನ ಕೆಂಪು ದೀಪ ಉರಿಯುತ್ತಿತ್ತು. ಏನೂ ಕೇಳಿಸಲಿಲ್ಲ. ವಾಲ್ಯೂಮು ತಿರುಗಿಸಿದೆ. ಖಾಲಿ ಬಾವಿಯಲ್ಲಿ ಗಾಳಿಯಾಡಿದಂಥ ಒಂದು ಹೊಯ್ಲು ಬಿಟ್ಟರೆ ಮತ್ತೇನಿಲ್ಲ. ಸಂಜೆ ತಟ್ಟೆ ಇಟ್ಟೆ, ಬೇಕೆಂದೇ ಸಾರಿಗೆ ಉಪ್ಪು ಹಾಕದೆ. ಲೊಚ ಇಲ್ಲ. ವಾರವಿಡೀ ಉಪ್ಪಿಲ್ಲದ ಸಾರು ಮಾಡಿದೆ. ಇಲ್ಲ. ನನಗೆ ಸಂತೋಷವಾಯಿತು, ಇದರಲ್ಲಿ ಮುಚ್ಚಿಡುವುದೇನಿದೆ? ಹಿತ್ತಿಲಿಗೆ ಹೋಗಿ ಒಗೆಯುವ ಕಲ್ಲಿನ ಮೇಲೆ ಕೂತು, ಸೆರಗು ಬಾಯಿಗೆ ತುರುಕಿಕೊಂಡು ನಕ್ಕೆ. ಸೇತುವೆಯಾಚೆಯ ಊರಿನಲ್ಲಿ ನನ್ನ ಅಕ್ಕ ಶಾಂಭವಿ ಮೆಸ್ಸು ನಡೆಸುತ್ತಾಳೆ. ಅವಳು ಆಗಲೇ ಹೇಳಿ ಕಳಿಸಿದ್ದಳು: "ಚಪಾತಿ ಲಟ್ಟಿಸೋಕೆ ನನಗೆ ಕೈ ಸಾಲದು ನಳಿನಿ. ಬಂದುಬಿಡು, ಮೆಸ್ಸು ಇಬ್ಬರದೂ ಅಂದ್ಕೊ. ಆದ್ರೆ ತಂತಿ ಸುತ್ತಿಸ್ಕೊಂಡೇ ಬಾ. ಗಂಡನ್ನ ಬಿಟ್ಟು ಬಂದೋಳು ಬಡಿಸಿದ್ರೆ ಇಲ್ಲಿ ಯಾರೂ ತುತ್ತು ಎತ್ತಲ್ಲ." ನನಗೆ ಬೇಕಾಗಿದ್ದದ್ದು ಅಷ್ಟೇ. ಬಿಸಿ ಕಾವಲಿಯ ಮುಂದೆ ನಿಂತು, ಯಾರು ಯಾರೋ ಗುರುತಿಲ್ಲದವರು ಇನ್ನೊಂದು ಹಾಕಮ್ಮ ಎನ್ನುವುದನ್ನು ಕೇಳಿಸಿಕೊಂಡು ಬದುಕುವುದು.

ಅತ್ತೆ ತುಂಗಮ್ಮನವರಿಗೆ ಹೇಳಿದೆ. ಅವರು ಬತ್ತಿ ಹೊಸೆಯುತ್ತಿದ್ದರು. ತಲೆ ಎತ್ತದೆ, "ನನಗೆ ಕೇಳಿಸ್ತಿದೆಯಲ್ಲ," ಎಂದರು.

"ವಾರದಿಂದ ಏನೂ ಇಲ್ಲ ಅತ್ತೆ."

"ನಿನ್ನ ಕಿವಿಗೆ ಇಲ್ಲ. ಹೆತ್ತ ಕಿವಿಗೆ ಇದೆ."

ನಾನೇ ಹೋಗಿ ಕೇಳುಗರನ್ನು ಕರೆದು ಬಂದೆ. ಮೂವರಲ್ಲಿ ಹಿರಿಯರು ಹಯವದನ ಮೇಷ್ಟ್ರು. ಹೈಸ್ಕೂಲಿನಲ್ಲಿ ಸಂಗೀತ ಹೇಳಿಕೊಟ್ಟು ರಿಟೈರಾದವರು, ತಂಬೂರಿಯ ಶ್ರುತಿ ಕೂದಲೆಳೆಯಷ್ಟು ತಪ್ಪಿದರೂ ಹಿಡಿಯುತ್ತೇನೆ ಎನ್ನುವವರು. ಎರಡನೆಯವರು ಹಿಟ್ಟಿನ ಗಿರಣಿಯ ಬೂದಪ್ಪ. ಹುಟ್ಟಿದಂದಿನಿಂದ ಗಿರಣಿಯ ಗಡಗಡದಲ್ಲೇ ಕೂತವರಿಗೆ ಎದುರಿಗೆ ಡೋಲು ಬಾರಿಸಿದರೂ ಕೇಳುವುದಿಲ್ಲ, ಆದರೆ ಅವರ ಅಪ್ಪ ಕೇಳುಗರಾಗಿದ್ದರು, ಅದಕ್ಕೆ ಇವರೂ. ಮೂರನೆಯವರು ಚೆನ್ನಿಗಪ್ಪ; ಮೇಷ್ಟ್ರು ತಲೆ ಆಡಿಸಿದ ಕಡೆಗೆ ಇವರ ತಲೆಯೂ ಆಡುತ್ತದೆ. ಮೂವರೂ ಕಣ್ಣು ಮುಚ್ಚಿ ಕೂತರು. ಬಹಳ ಹೊತ್ತಾದ ಮೇಲೆ ಮೇಷ್ಟ್ರು, "ಏನೋ ಇದ್ದ ಹಾಗೂ ಇದೆ, ಇಲ್ಲದ ಹಾಗೂ ಇದೆ," ಎಂದರು. ಅತ್ತೆ ತಟ್ಟನೆ, "ಹಾಗಾದ್ರೆ ಇನ್ನೊಂದು ತಂತಿ ಹಾಕಿ ಕೇಳಿ," ಎಂದರು.

ಮನೆಯವರು ಇನ್ನೊಂದು ತಂತಿ ಎಂದರೆ ಕೇಳುಗರು ಇಲ್ಲ ಎನ್ನುವಂತಿಲ್ಲ. ಅದು ಕಟ್ಟಳೆ. ಇನ್ನೂ ಒಳ್ಳೆಯ ತಂತಿ ತಂದು ಹಾಕಿದ ಮೇಲೂ ಕೇಳಿಸದಿದ್ದರೆ ಮಾತ್ರ ಸುತ್ತಬೇಕು. ಇನ್ನೂ ಒಳ್ಳೆಯದು ಎನ್ನುವುದಕ್ಕೆ ಕೊನೆ ಎಲ್ಲಿದೆ? ಈ ಕೊನೆಯಿಲ್ಲದ ಜಾಗದಲ್ಲೇ ಮಲ್ಹಾರಪ್ಪ ಅಂಗಡಿ ಇಟ್ಟುಕೊಂಡಿದ್ದ.

ಮಲ್ಹಾರಪ್ಪನ ಅಂಗಡಿಯಲ್ಲಿ ಸ್ಪೀಕರಿನ ತಂತಿ ಬಿಟ್ಟರೆ ಬೇರೇನೂ ಸಿಗುವುದಿಲ್ಲ. ರೇಷ್ಮೆ ಸೀರೆ ಅಂಗಡಿಯವರ ಹಾಗೆ ಬಿಳಿ ಹಾಸಿನ ಮೇಲೆ ಕೂತು, ಒಂದೊಂದನ್ನೂ ಬಿಚ್ಚಿ ತೊಡೆಯ ಮೇಲೆ ಹರಡಿ ತೋರಿಸುತ್ತಾನೆ. ಮೊದಲು ನಮ್ಮ ಮನೆಗೆ ಬಂದದ್ದು ಹೆಬ್ಬೆರಳು ಗಾತ್ರದ ತಾಮ್ರದ ತಂತಿ. ಅದನ್ನು ಹಾಕಿದ ದಿನ ಮೇಷ್ಟ್ರ ಹುಬ್ಬು ಮೇಲಕ್ಕೆ ಹೋಯಿತು. "ಇದೆ. ಹೆಜ್ಜೆ ಇದೆ," ಎಂದರು. ನನಗೆ ಕೇಳಿಸಿದ್ದು ಅದೇ ಖಾಲಿ ಬಾವಿಯ ಗಾಳಿ. ಕೆಲವು ತಿಂಗಳು ಬಿಟ್ಟು ಮತ್ತೆ ಕರೆದೆ. ಅತ್ತೆ ಮತ್ತೆ ಇನ್ನೊಂದು ತಂತಿ ಎಂದರು. ನಡುಮನೆಯ ತೂಗುಮಣೆ ಹೋಯಿತು, ಬಾಣದ ಗುರುತಿರುವ ತಂತಿ ಬಂತು. ಬಾಣ ಸ್ಪೀಕರಿನ ಕಡೆಗೇ ಮುಖ ಮಾಡಿರಬೇಕಂತೆ. ತಿರುವುಮುರುವು ಹಾಕಿದರೆ ಸತ್ತವರು ಬೆನ್ನು ತಿರುಗಿಸಿ ನಡೆಯುತ್ತಾರಂತೆ. ಆಮೇಲೆ ಬೆಳ್ಳಿಯ ಎಳೆ ಹೆಣೆದ, ಮೇಲೆ ಊದಾ ರೇಷ್ಮೆಯ ಗವಸು ತೊಟ್ಟ ತಂತಿ. ಅದು ನೆಲಕ್ಕೆ ತಾಗಬಾರದು ಎಂದು ಮಲ್ಹಾರಪ್ಪನೇ ಬೀಟೆ ಮರದ ಪುಟ್ಟ ಪುಟ್ಟ ಮಣೆ ಕೊಟ್ಟ. ನಾನು ಕಸ ಗುಡಿಸುವಾಗ ಆ ಮಣೆಗಳ ಸುತ್ತ ಪೊರಕೆ ಆಡಿಸಬೇಕು, ಆದರೆ ತಾಗಿಸಬಾರದು. ಮನೆಯ ಸೊಸೆ ಬರಿನೆಲದ ಮೇಲೆ ಮಲಗಬಹುದು, ತಂತಿ ಮಲಗಕೂಡದು.

"ಮಲ್ಹಾರಪ್ಪನವರೇ, ಇದಕ್ಕೂ ಮಾಮೂಲಿ ಕರೆಂಟು ವೈರಿಗೂ ಏನು ವ್ಯತ್ಯಾಸ?" ಎಂದು ಒಂದು ದಿನ ನೇರವಾಗಿ ಕೇಳಿದೆ. "ನನಗೆ ಎರಡರಲ್ಲೂ ಒಂದೇ ಥರ ಕೇಳ್ಸುತ್ತೆ."

ಅವನು ಬೇಸರ ಮಾಡಿಕೊಳ್ಳಲಿಲ್ಲ. ಒಳ್ಳೆಯ ವ್ಯಾಪಾರಿ. "ತಂತಿ ಪಳಗಬೇಕು ತಾಯಿ. ಹೊಸ ಎಮ್ಮೆ ಬಂದ ದಿನವೇ ಹಾಲು ಇಳಿಸುತ್ತಾ? ದಿನಗಟ್ಟಲೆ ಹರಿದ ಮೇಲೇ ಅದು ಬಾಯಿ ಬಿಡೋದು. ಅಲ್ಲೀವರೆಗೆ ತಂತಿಯಂತೆ ಕಿವಿಯೂ ಪಳಗಬೇಕು. ಎಲ್ಲರ ಕಿವಿಗೂ ಆಗಲ್ಲ ಅದು. ಮಣ್ಣು ಕಿವಿಗೆ ಬೆಳ್ಳಿ ತಂತಿ ಕಟ್ಟಿದ್ರೇನು ಪ್ರಯೋಜನ?"

ಮಣ್ಣು ಕಿವಿ. ಊರಿನಲ್ಲಿ ಇದಕ್ಕಿಂತ ದೊಡ್ಡ ಬೈಗುಳ ಇಲ್ಲ. ಮಣ್ಣು ಕಿವಿಯವರ ಮನೆಯ ಹೆಣ್ಣನ್ನು ತರಬಾರದು, ಅವರ ಮಾತಿಗೆ ಸಾಕ್ಷಿ ಹೇಳಬಾರದು. ಅದಕ್ಕೇ ಬೆಳ್ಳಿ ತಂತಿ ಹಾಕಿದ ಮನೆಗೆ ಹೋದವರೆಲ್ಲ ಕಣ್ಣು ಮುಚ್ಚಿ ಆಹಾ ಎನ್ನುತ್ತಿದ್ದರು. ಅಗ್ಗದ ವೈರಿನಲ್ಲಿ ಕೇಳಿಸಲಿಲ್ಲ ಎಂದರೆ ತಪ್ಪು ವೈರಿನದು. ದುಬಾರಿ ತಂತಿಯಲ್ಲಿ ಕೇಳಿಸಲಿಲ್ಲ ಎಂದರೆ ತಪ್ಪು ನಮ್ಮದು. ಯಾರಿಗೆ ಬೇಕು ಆ ಉಸಾಬರಿ?

ಹೀಗೆ ವರ್ಷಗಳು ಹೋದವು. ಅಕ್ಕ ಎರಡು ಸಲ ಕೇಳಿ ಕಳಿಸಿದಳು, ಆಮೇಲೆ ಸುಮ್ಮನಾದಳು. ನನ್ನ ಕಿವಿಯ ಪಕ್ಕ ಬಿಳಿ ಕೂದಲು ಕಂಡ ದಿನ, ಇನ್ನು ಕಾಯುವುದಿಲ್ಲ ಎಂದುಕೊಂಡೆ. ತಂತಿಯಿಂದಲೇ ಇವರು ನನ್ನನ್ನು ಕಟ್ಟಿದ್ದಾರೆ. ತಂತಿಯ ಬಣ್ಣ ಬಯಲು ಮಾಡಿದರೆ ಕಟ್ಟು ತಾನಾಗಿ ಸಡಿಲುತ್ತದೆ ಎಂದು ನನ್ನ ಲೆಕ್ಕ. ಇರಲಾರದೆ ಇರುವೆ ಬಿಟ್ಟುಕೊಂಡಳು ಎನ್ನುತ್ತಾರಲ್ಲ, ಅದು ನಾನೇ.

ಕೇಳುಗರು ಬರುವ ದಿನ ಬೆಳಿಗ್ಗೆ ಅತ್ತೆ ಸ್ನಾನಕ್ಕೆ ಹೋದಾಗ, ಸ್ಟೀರಿಯೊದ ಹಿಂದೆ ಕೈ ಹಾಕಿ ಆ ಬೆಳ್ಳಿ ತಂತಿಯ ಎರಡೂ ತುದಿಗಳನ್ನು ಆಂಪ್ಲಿಫೈಯರಿನಿಂದ ಕಿತ್ತೆ. ಕಿತ್ತ ತುದಿಗಳನ್ನು ಪೆಟ್ಟಿಗೆಯ ಹಿಂದೆ ಗೋಡೆಯ ಸಂದಿಗೆ ಸಿಕ್ಕಿಸಿದೆ. ಮುಂದಿನಿಂದ ನೋಡಿದರೆ ಎಲ್ಲ ಸರಿ ಇದೆ. ಕೆಂಪು ದೀಪ ಉರಿಯುತ್ತಿದೆ, ತಂತಿ ಮಣೆಗಳ ಮೇಲೆ ರಾಜಠೀವಿಯಿಂದ ಮಲಗಿದೆ. ಈಗ ಸ್ಪೀಕರಿನಿಂದ ಆ ಖಾಲಿ ಗಾಳಿಯೂ ಬರುವಂತಿಲ್ಲ. ಅವು ಬರೀ ಮರದ ಡಬ್ಬಗಳು.

ಮೂವರು ಬಂದರು. ಮಲ್ಹಾರಪ್ಪನೂ ಬಂದ, ತನ್ನ ತಂತಿ ಹೇಗೆ ಪಳಗಿದೆ ನೋಡಿಕೊಂಡು ಹೋಗಲು. ಬೀದಿಯ ನಾಲ್ಕಾರು ಜನ ಬಾಗಿಲಲ್ಲಿ ನಿಂತರು. ನಾನು ಕಾಫಿ ಕೊಟ್ಟು ಕಂಬಕ್ಕೆ ಒರಗಿ ನಿಂತೆ.

ಮೇಷ್ಟ್ರು ಕಣ್ಣು ಮುಚ್ಚಿದರು. ಬೆರಳಿನಿಂದ ತೊಡೆಯ ಮೇಲೆ ಮೆಲ್ಲಗೆ ತಾಳ ಹಾಕಿದರು. "ಬಂದ," ಎಂದರು. "ಬಲಗಡೆಯಿಂದ ಬಂದ. ನಿಂತ." ಚೆನ್ನಿಗಪ್ಪನ ತಲೆ ಆಡಿತು. ಬೂದಪ್ಪನವರು ಒಂದು ಕಣ್ಣು ತೆರೆದು ಮೇಷ್ಟ್ರ ತುಟಿ ನೋಡಿ, "ನಿಂತ, ನಿಂತ," ಎಂದು ಎಲ್ಲರಿಗಿಂತ ಜೋರಾಗಿ ಹೇಳಿದರು. "ಏನು ತಿಳಿಯಾಗಿದೆ ಈ ಸಲ. ಉಸಿರು ಎಳಕೊಳ್ಳೋದು ಕೂಡ ಬಿಡಿಬಿಡಿಯಾಗಿ ಕೇಳ್ತಾ ಇದೆ," ಎಂದರು ಮೇಷ್ಟ್ರು. ಮಲ್ಹಾರಪ್ಪ ವಿನಯದಿಂದ ನೆಲ ನೋಡಿದ. ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡರು.

ನಾನು ಹೋಗಿ ಗೋಡೆಯ ಸಂದಿಯಿಂದ ತಂತಿಯ ತುದಿಗಳನ್ನು ಎಳೆದು ಎಲ್ಲರ ಮುಂದೆ ತಂದು ಎತ್ತಿ ಹಿಡಿದೆ. ಮಣೆಗಳು ಪಟಪಟ ಉರುಳಿದವು. "ಬೆಳಿಗ್ಗೆಯಿಂದ ಇದು ಹೀಗೇ ಇದೆ ಮೇಷ್ಟ್ರೇ. ಯಾವುದಕ್ಕೂ ಸೇರಿಸಿಲ್ಲ. ಈಗ ಹೇಳಿ, ಉಸಿರು ಎಳಕೊಂಡಿದ್ದು ಯಾರು?"

ಮೇಷ್ಟ್ರ ಮುಖದಲ್ಲಿ ರಕ್ತವಿರಲಿಲ್ಲ. ಮಲ್ಹಾರಪ್ಪನ ಬಾಯಿ ತೆರೆದೇ ಇತ್ತು. ಬಾಗಿಲಲ್ಲಿ ನಿಂತವರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ಗಳಿಗೆ ನನಗೆ ಎಷ್ಟು ಹಿತವಾಗಿತ್ತೆಂದರೆ, ಅಕ್ಕನ ಮೆಸ್ಸಿನ ಒಲೆಯ ಕಾವು ಮುಖಕ್ಕೆ ತಾಗಿದ ಹಾಗಾಯಿತು. ಸಾಯಂಕಾಲದ ಬಸ್ಸಿಗೇ ಹೊರಡಬಹುದು ಎಂದುಕೊಂಡೆ. ಎರಡು ಸೀರೆ ಸಾಕು.

ಆಗ ಅತ್ತೆ ಎದ್ದು ನಿಂತರು. ನನ್ನ ಕೈಯಲ್ಲಿದ್ದ ತಂತಿಯನ್ನೊಮ್ಮೆ, ಸ್ಪೀಕರನ್ನೊಮ್ಮೆ ನೋಡಿದರು. "ತಂತಿ ಇಲ್ಲದೇನೇ ಬಂದನಲ್ಲ," ಎಂದರು ಮೆಲ್ಲಗೆ. ಆಮೇಲೆ ಗಟ್ಟಿಯಾಗಿ, ಬೀದಿಗೆ ಕೇಳುವಂತೆ ಹೇಳಿದರು: "ನನ್ನ ಮಗನಿಗೆ ತಂತಿಯೇ ಬೇಡ. ಹಾಗೇ ಬಂದ. ಇವರೆಲ್ಲ ಕೇಳಿದ್ರಲ್ಲ."

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕಿದರೂ ಸಾಕು. ಇಲ್ಲಿ ಮೇಷ್ಟ್ರಿಗೆ ದೋಣಿಯೇ ಸಿಕ್ಕಿತು. ಅವರ ಮುಖಕ್ಕೆ ರಕ್ತ ಮರಳಿತು. "ಹೌದಲ್ಲ," ಎಂದರು. "ನಾನು ಕೇಳಿದ್ದು ಸುಳ್ಳಲ್ಲ, ತಂತಿ ಇರಲಿಲ್ಲ ಅನ್ನೋದೂ ಸುಳ್ಳಲ್ಲ. ಇಂಥದ್ದು ಈ ಊರಲ್ಲಿ ಕಂಡಿಲ್ಲ." ಮಲ್ಹಾರಪ್ಪನೂ ಚೇತರಿಸಿಕೊಂಡ. ಅವನ ಬುದ್ಧಿ ಇನ್ನೂ ಚುರುಕು. "ಇಷ್ಟು ವರ್ಷ ಬೆಳ್ಳಿ ತಂತಿಯಲ್ಲಿ ಓಡಾಡಿ ಓಡಾಡಿ ದಾರಿ ಬಿದ್ದಿದೆ ಮೇಷ್ಟ್ರೇ. ದಾರಿ ಬಿದ್ದ ಮೇಲೆ ತಂತಿ ಯಾಕೆ? ಮಾಮೂಲಿ ವೈರಾಗಿದ್ರೆ ಈ ಮಟ್ಟಕ್ಕೆ ಬರ್ತಿತ್ತಾ?"

"ತಂತಿ ಸುತ್ತೋದು ಯಾವಾಗ ಮತ್ತೆ?" ಎಂದೆ.

"ತಂತಿಯ ಹಂಗಿಲ್ಲದೆ ಬರೋನಿಗೆ ಯಾವ ತಂತಿ ಸುತ್ತೋದಮ್ಮ?" ಎಂದರು ಮೇಷ್ಟ್ರು. ವ್ಯಂಗ್ಯವಿರಲಿಲ್ಲ ಆ ಮಾತಿನಲ್ಲಿ. ಅವರು ಅದನ್ನು ನಂಬಿಬಿಟ್ಟಿದ್ದರು. "ನೀನು ಪುಣ್ಯವಂತೆ. ನಿನ್ನ ಮುತ್ತೈದೆತನಕ್ಕೆ ಕೊನೆಯೇ ಇಲ್ಲ."

ಇಲ್ಲದ್ದನ್ನು ಕೇಳಿದಿರಿ, ನೀವು ಸುಳ್ಳರು ಎಂದು ನಾನು ಕೂಗಾಡಿದೆ. ಮೇಷ್ಟ್ರು ತಾಳ್ಮೆಯಿಂದ ಕೇಳಿಸಿಕೊಂಡರು. "ಒಂದು ಮನೆಯ ಕಿವಿ ಕಿವಿಯಲ್ಲಮ್ಮ. ಬೇರೆ ಮನೆಯೋರು ಯಾರಾದ್ರೂ ಬಂದು, ಇಲ್ಲಿ ಕೂತು ಕೇಳಿ, ಏನೂ ಇಲ್ಲ ಅಂತ ನಿನ್ನ ಜೊತೆ ನಿಂತು ಹೇಳಲಿ. ಆ ದಿನ ನಾನೇ ನಿಮ್ಮ ಮನೆ ತಂತಿ ಸುತ್ತುತೀನಿ," ಎಂದು ಟವೆಲು ಹೆಗಲಿಗೆ ಹಾಕಿಕೊಂಡು ಹೊರಟರು.

ನಾನು ಮನೆಮನೆ ತಿರುಗಿದೆ. ಅವತ್ತು ಕಿಸಕ್ಕೆಂದವಳ ಮನೆಗೂ ಹೋದೆ. ಅವಳು ನಕ್ಕದ್ದೇ ನೆನಪಿಲ್ಲ ಎಂದಳು. ನಲ್ಲಿಯ ಹತ್ತಿರ ಎಲ್ಲರೂ ಅಯ್ಯೋ ಪಾಪ ಎನ್ನುವವರೇ, ಜೊತೆಗೆ ಬಂದು ನಿಲ್ಲಿ ಎಂದರೆ ಕೊಡ ಎತ್ತಿಕೊಂಡು ಹೋಗುವವರೇ. ಮಗಳ ಮದುವೆ ಇದೆ, ಮಗನಿಗೆ ನಂಟಸ್ತಿಕೆ ಕೂಡುತ್ತಿದೆ, ನಮಗ್ಯಾಕಮ್ಮ ಊರ ಮೇಲಿನ ಮಾತು. ಅಷ್ಟರಲ್ಲಿ ನಮ್ಮ ಮನೆ ಕ್ಷೇತ್ರವಾಗಿತ್ತು. ತಂತಿಯಿಲ್ಲದೆ ಬರುವವನನ್ನು ಕೇಳಲು ದೂರ ದೂರದಿಂದ ಜನ ಬಂದರು. ಬಂದವರು ಸ್ಪೀಕರಿಗೆ ಹೂವು ಏರಿಸಿದರು. ನಾನು ಕಿತ್ತ ಬೆಳ್ಳಿ ತಂತಿಯನ್ನು ಮಲ್ಹಾರಪ್ಪ ವಾಪಸು ಒಯ್ದು, ಗೇಣುಗೇಣು ಕತ್ತರಿಸಿ ಮಾರಿದ. ಅದರ ಒಂದು ತುಂಡು ಸೇರಿಸಿ ಬೆಸೆದರೆ ಎಂಥ ತಂತಿಯೂ ಪಳಗುತ್ತದಂತೆ. ನಾನು ಯಾವ ತಂತಿಯ ಮಾನ ಕಳೆಯಲು ಹೋದೆನೋ ಅದಕ್ಕೆ ಅಷ್ಟು ಬೆಲೆ ಹಿಂದೆಂದೂ ಬಂದಿರಲಿಲ್ಲ.

ಒಂದು ಸಂಜೆ ಜನವೆಲ್ಲ ಹೋದ ಮೇಲೆ ಹೂವಿನ ಕಸ ಬಳಿಯುತ್ತಾ ಅತ್ತೆಯನ್ನು ಕೇಳಿದೆ. ಜಗಳಕ್ಕಲ್ಲ, ಜಗಳದ ಶಕ್ತಿ ಮುಗಿದಿತ್ತು. "ನಿಜವಾಗಿ ಕೇಳ್ಸುತ್ತಾ ಅತ್ತೆ ನಿಮಗೆ?"

ಅವರು ಮಂಡಿ ನೀವಿಕೊಳ್ಳುತ್ತಿದ್ದರು. ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನ ಮುಖವನ್ನು ನೇರವಾಗಿ ನೋಡಿದರು. "ಎಲ್ಲಿಂದ ಕೇಳಿಸ್ಬೇಕು? ನಿನಗಿಂತ ಮೊದಲೇ ನನಗೆ ನಿಂತುಹೋಯ್ತು."

ನಾನು ಪೊರಕೆ ಬದಿಗಿಟ್ಟು ಅವರ ಎದುರಿಗೆ ಕೂತೆ.

"ನೀನು ಹೋದ್ರೆ ನನಗೆ ಯಾರಿದ್ದಾರೆ ನಳಿನಿ? ಬೆಳಿಗ್ಗೆ ಎದ್ದು ನೀನು ಪಾತ್ರೆ ಸದ್ದು ಮಾಡ್ತೀಯಲ್ಲ, ಅದನ್ನ ಕೇಳಿ ನಾನು ಕಣ್ಣು ಬಿಡೋದು."

"ಇರು ಅಂತ ನನ್ನ ಕೇಳಬಹುದಿತ್ತು."

"ಕೇಳಿದ್ರೆ ಇರ್ತಿದ್ಯಾ?"

ಇರುತ್ತಿರಲಿಲ್ಲ. ಅವರಿಗೂ ಗೊತ್ತು, ನನಗೂ ಗೊತ್ತು. ಅವರ ಮೇಲೆ ನನಗೆ ಕನಿಕರ ಬರಬೇಕಿತ್ತೇನೋ. ಬರಲಿಲ್ಲ. ತನ್ನ ಒಂಟಿತನಕ್ಕೆ ಮದ್ದು ಎಂದು ನನ್ನ ಹರೆಯವನ್ನು ಅರೆದು ಕುಡಿದ ಮುದುಕಿ ಅನ್ನಿಸಿತು, ಈಗಲೂ ಅನ್ನಿಸುತ್ತದೆ. "ಈ ಮಾತನ್ನ ಮೇಷ್ಟ್ರ ಮುಂದೆ ಹೇಳಿ," ಎಂದೆ. "ಹೇಳಲ್ಲ," ಎಂದರು. "ನೀವು ಸತ್ತ ದಿನ ಆ ಪೆಟ್ಟಿಗೆ ತಗೊಂಡು ಹೋಗಿ ಹೊಳೆಗೆ ಹಾಕ್ತೀನಿ. ನಿಮ್ಮ ಸದ್ದು ಕೇಳೋಕೆ ಒಂದು ನರಪಿಳ್ಳೆ ಇರಬಾರದು," ಎಂದೆ. ಈ ಊರಿನಲ್ಲಿ ಇದಕ್ಕಿಂತ ಕ್ರೂರವಾದ ಮಾತು ಇಲ್ಲ. ಅವರು ಹೆದರಲಿಲ್ಲ. "ಸತ್ತ ಮೇಲೆ ಕೇಳಬೇಡ ಬಿಡು. ಇರೋ ತನಕ ಇರು, ಸಾಕು," ಎಂದು ಮತ್ತೆ ಮಂಡಿ ನೀವಿಕೊಳ್ಳತೊಡಗಿದರು.

ಇದಾದ ಸ್ವಲ್ಪ ದಿನಕ್ಕೆ ಕುಮುದ ಬಂದಳು. ಕೆಳಗಿನ ಬೀದಿಯ ದಾಕ್ಷಾಯಣಮ್ಮನ ಸೊಸೆ. ಇನ್ನೂ ಎಳೆಯ ಮುಖ, ಮದುವೆಯ ಬಳೆಗಳ ಬಣ್ಣ ಕೂಡ ಮಾಸಿರಲಿಲ್ಲ, ಗಂಡ ಲಾರಿ ಅಪಘಾತದಲ್ಲಿ ಹೋಗಿದ್ದ. ಅವರ ಮನೆಯಲ್ಲಿ ಸದ್ದು ಆಗಲೇ ತೆಳುವಾಗುತ್ತಿತ್ತಂತೆ. ತಂತಿಯ ಗೊಡವೆಯೇ ಇಲ್ಲದೆ ಮಗನನ್ನು ಉಳಿಸಿಕೊಳ್ಳುವುದು ಹೇಗೆಂದು ಕೇಳಲು ದಾಕ್ಷಾಯಣಮ್ಮ ಅವಳನ್ನೂ ಕರೆದುಕೊಂಡು ಬಂದಿದ್ದಳು. ಅವತ್ತು ಮೇಷ್ಟ್ರೂ ಇದ್ದರು. ಈಗ ಅವರು ದಿನಾ ಬಂದು ನಮ್ಮ ನಡುಮನೆಯಲ್ಲಿ ಕೂರುತ್ತಾರೆ, ಬಂದವರಿಗೆ ವಿವರಿಸುತ್ತಾರೆ.

ಕಾಲು ತೊಳೆಯಲು ಹಿತ್ತಿಲಿಗೆ ಬಂದವಳು, ನಾನು ಚೊಂಬಿನಿಂದ ನೀರು ಹಾಕುತ್ತಿರುವಾಗ ಪಿಸುಗುಟ್ಟಿದಳು. "ಅಕ್ಕಾ, ನಿಮಗೆ ನಿಜವಾಗಿ ಕೇಳ್ಸುತ್ತಾ?"

"ಇಲ್ಲ. ಯಾವತ್ತೋ ನಿಂತುಹೋಯ್ತು. ನಮ್ಮ ಅತ್ತೆಗೂ ಕೇಳಿಸಲ್ಲ, ಅವರೇ ನನ್ನ ಹತ್ರ ಹೇಳಿದ್ದಾರೆ."

ಅವಳ ಕಣ್ಣು ತುಂಬಿ ಬಂತು. "ನಾನು ಟೀಚರ್ ಟ್ರೇನಿಂಗಿಗೆ ಅರ್ಜಿ ಹಾಕಿದ್ದೆ ಅಕ್ಕಾ. ಸೀಟು ಬಂದಿದೆ. ಅತ್ತೆಗೆ ಹೇಳಿಲ್ಲ."

ನಾನು ಚೊಂಬು ಕೆಳಗಿಟ್ಟು ಅವಳ ಕೈ ಹಿಡಿದೆ. ಎಷ್ಟೋ ವರ್ಷದ ಮೇಲೆ ನನ್ನೊಳಗೆ ಆಸೆ ತಲೆ ಎತ್ತಿತು. "ಕೇಳು. ಒಳಗೆ ಕೂರಿಸ್ತಾರೆ, ಕೇಳಿಸ್ತಾ ಅಂತಾರೆ. ಮೊದಲು ನಾನು ಇಲ್ಲ ಅಂತೀನಿ. ನೀನೂ ಇಲ್ಲ ಅನ್ನು. ಅಷ್ಟೇ. ಎರಡು ಮನೆ ಕಿವಿ ಒಂದೇ ಮಾತು ಹೇಳಿದ್ರೆ ಮೇಷ್ಟ್ರು ಸುತ್ತಲೇಬೇಕು. ಇವತ್ತು ನಮ್ಮನೆ, ನಾಳೆ ನಿಮ್ಮನೆ. ಬೇರೆ ಯಾರಿಗೂ ಈ ಧೈರ್ಯ ಇಲ್ಲ, ನಿನಗಿದೆ ಅಲ್ವಾ?"

"ಇದೆ ಅಕ್ಕಾ," ಎಂದಳು. ನನ್ನ ಕೈಯನ್ನು ಒತ್ತಿ ಹಿಡಿದಳು. ಅವಳ ಅಂಗೈ ಬೆವರಿತ್ತು.

ನಡುಮನೆಯಲ್ಲಿ ಎಲ್ಲರೂ ಕೂತರು. ಅತ್ತೆ ಗೋಡೆಗೆ ಒರಗಿ, ಪಕ್ಕದಲ್ಲಿ ದಾಕ್ಷಾಯಣಮ್ಮ, ಅವಳಿಗೆ ಅಂಟಿಕೊಂಡ ಹಾಗೆ ಕುಮುದ. ಮೇಷ್ಟ್ರು ಕಣ್ಣು ಮುಚ್ಚಿದರು, ಎಲ್ಲರೂ ಮುಚ್ಚಿದರು. ನಾನು ಮುಚ್ಚಲಿಲ್ಲ. ಕೆಂಪು ದೀಪ ಉರಿಯುತ್ತಿತ್ತು, ಸ್ಪೀಕರುಗಳ ಹಿಂದೆ ತಂತಿಯ ಒಂದು ಎಳೆಯೂ ಇರಲಿಲ್ಲ.

"ಬಂದ," ಎಂದರು ಮೇಷ್ಟ್ರು.

"ಯಾರೂ ಬಂದಿಲ್ಲ," ಎಂದೆ ನಾನು. "ಇಲ್ಲಿ ಏನೂ ಇಲ್ಲ ಮೇಷ್ಟ್ರೇ. ನನಗೆ ಕೇಳಿಸಲ್ಲ, ನಮ್ಮ ಅತ್ತೆಗೂ ಕೇಳಿಸಲ್ಲ, ಅವರ ಬಾಯಲ್ಲೇ ಹೇಳಿದ್ದಾರೆ. ಬೇಕಾದ್ರೆ ಅವರನ್ನೇ ಕೇಳಿ. ಬೇರೆ ಮನೆ ಕಿವಿ ಬೇಕು ಅಂದ್ರಲ್ಲ, ಇವತ್ತು ಅದೂ ಇದೆ."

ಎಲ್ಲರೂ ಅತ್ತೆಯನ್ನು ನೋಡಿದರು. ಅವರು ಇಲ್ಲ ಎನ್ನಲಿಲ್ಲ, ಹೌದು ಎನ್ನಲಿಲ್ಲ. ತುಟಿ ನಡುಗುತ್ತಿತ್ತು. ಇನ್ನೊಂದು ಗಳಿಗೆ ಹಾಗೇ ಬಿಟ್ಟಿದ್ದರೆ ಹೇಳಿಬಿಡುತ್ತಿದ್ದರು, ನನಗೆ ಅದರಲ್ಲಿ ಅನುಮಾನವಿಲ್ಲ. ಮೇಷ್ಟ್ರು ಮೆಲ್ಲಗೆ ಕುಮುದಳ ಕಡೆ ತಿರುಗಿದರು. "ನೀನು ಹೇಳಮ್ಮ. ಹೆದರಬೇಡ. ನಿನಗೆ ಏನಾದ್ರೂ ಕೇಳಿಸ್ತಾ?"

ಕುಮುದ ನನ್ನನ್ನು ನೋಡಿದಳು. ದಾಕ್ಷಾಯಣಮ್ಮ ಅವಳನ್ನು ನೋಡಲೂ ಇಲ್ಲ, ಏಟು ಹಾಕುವ ಮೊದಲಿನ ಹಾಗೆ ಸುಮ್ಮನೆ ತನ್ನ ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿಕೊಂಡಳು. ಅಷ್ಟಕ್ಕೇ ಆ ಹುಡುಗಿಯ ಮುಖ ಒಳಗೆ ಎಳೆದುಕೊಂಡಿತು.

"ಕೇಳಿಸ್ತು," ಎಂದಳು. ಆಮೇಲೆ ಯಾರೂ ಕೇಳದೆ ಇನ್ನಷ್ಟು ಹೇಳಿದಳು, ಒಂದೇ ಉಸಿರಿಗೆ. "ಕಾಲೆಳೆದುಕೊಂಡು ಬಂದ್ರು. ಕೆಮ್ಮಿದ್ರು. ತುಂಬಾ ಚೆನ್ನಾಗಿ ಕೇಳಿಸ್ತು. ಅಕ್ಕನಿಗೆ ಯಾಕೆ ಕೇಳಿಸಲ್ವೋ ಗೊತ್ತಿಲ್ಲ."

ಮೇಷ್ಟ್ರು ನಿಟ್ಟುಸಿರು ಬಿಟ್ಟರು. ದಾಕ್ಷಾಯಣಮ್ಮ ಸೊಸೆಯ ಬೆನ್ನು ಸವರಿದಳು. ನಮ್ಮ ಅತ್ತೆ ಕುಮುದಳನ್ನು ನೋಡುತ್ತಲೇ ಇದ್ದರು. ಅವರ ತುಟಿಯ ನಡುಕ ನಿಂತಿತ್ತು. "ಕೆಮ್ಮಿದ್ನಾ ಮಗಳೇ?" ಎಂದು ಕೇಳಿದರು, ನಂಬುವ ದನಿಯಲ್ಲಿ. ತಾನೇ ಹುಟ್ಟಿಸಿದ ಸುಳ್ಳು ಬೇರೆಯವರ ಬಾಯಿಂದ ಬಂದಾಗ ಅದು ಆ ಮುದುಕಿಗೂ ನಿಜವಾಗಿಬಿಟ್ಟಿತು. ಅವರು ಸ್ಪೀಕರಿನ ಬಳಿ ತೆವಳಿಕೊಂಡು ಹೋಗಿ ಹೂವಿನ ನಡುವೆ ಕಿವಿಯಿಟ್ಟರು, ಸ್ವಲ್ಪ ಹೊತ್ತಿಗೆ ನಗತೊಡಗಿದರು.

ಆ ದಿನದಿಂದ ಅತ್ತೆಗೆ ಸುಳ್ಳು ಹೇಳುವ ಕಷ್ಟವೂ ಉಳಿದಿಲ್ಲ. ಬೆಳಗ್ಗೆ ಎದ್ದರೆ ಸೀದಾ ಸ್ಪೀಕರಿನ ಮುಂದೆ ಹೋಗಿ ಕೂರುತ್ತಾರೆ, ನನ್ನ ಪಾತ್ರೆಯ ಸದ್ದು ಈಗ ಅವರಿಗೆ ಬೇಕಿಲ್ಲ. ನಾನು ಹೋದರೂ ಅವರು ಒಂಟಿಯಲ್ಲ. ಆದರೂ ನಾನು ಹೋಗುವಂತಿಲ್ಲ. ನನ್ನ ಗಂಡ ಈಗ ನನ್ನೊಬ್ಬಳನ್ನು ಬಿಟ್ಟು ಊರಿಗೆಲ್ಲ ಕೇಳಿಸುತ್ತಾನೆ.